ಹುಲಿಗೂ ಗೆರೆಯುಂಟು: ಭಯದ ವಿಡಿಯೋ ಗೇಮುಗಳಲ್ಲಿ ಶತ್ರುವಿನ ನ್ಯಾಯ

ಭಯವನ್ನೇ ಮುಖ್ಯ ರಸವಾಗಿಟ್ಟುಕೊಂಡ ವಿಡಿಯೋ ಗೇಮುಗಳಲ್ಲಿ ಆಟಗಾರನ ಕೈಯಲ್ಲಿ ಸಾಮಾನ್ಯವಾಗಿ ಆಯುಧವಿರುವುದಿಲ್ಲ, ಇದ್ದರೂ ಸಾಲುವುದಿಲ್ಲ; ಅವನ ಬೆನ್ನು ಹತ್ತುವ ಪ್ರಾಣಿಗೋ ಭೂತಕ್ಕೋ ಕೊಲೆಗಾರನಿಗೋ ಬಹುಮಟ್ಟಿಗೆ ಸಾವಿರುವುದಿಲ್ಲ. ಅವನು ಮಂಚದ ಕೆಳಗೆ, ಕಪಾಟಿನೊಳಗೆ, ಕತ್ತಲ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಅಡಗಿರುತ್ತಾನೆ, ಶತ್ರು ಹುಡುಕುತ್ತಿರುತ್ತದೆ, ಮತ್ತು ಎಷ್ಟೋ ಸಲ ಅದು ನೆಟ್ಟಗೆ ಅವನಿದ್ದ ಕಡೆಗೇ ಬಂದು ನಿಲ್ಲುತ್ತದೆ. ಆಗ ಆಡುವವರೆಲ್ಲರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಅದಕ್ಕೆ ಹೇಗೆ ಗೊತ್ತಾಯಿತು? ಕಣ್ಣಾಮುಚ್ಚಾಲೆಯಾಡುವ ಮಕ್ಕಳು, ಕಣ್ಣು ಮುಚ್ಚಿಕೊಂಡವನು ಬೆರಳ ಸಂದಿಯಿಂದ ನೋಡಿಬಿಟ್ಟನೆಂಬ ಅನುಮಾನ ಬಂದಕೂಡಲೆ ಆಟ ನಿಲ್ಲಿಸಿ ಜಗಳಕ್ಕೆ ನಿಲ್ಲುತ್ತಾರೆ. ಇದೂ ಅದೇ ಅನುಮಾನವೇ, ಆದರೆ ಇಲ್ಲಿ ಎದುರಾಳಿ ಯಂತ್ರವಾದುದರಿಂದ ಜಗಳವಾಡಿ ಸತ್ಯ ಹೊರಡಿಸುವ ದಾರಿ ಇಲ್ಲ.

ಈ ಅನುಮಾನ ಪೂರ್ತಿ ಸುಳ್ಳಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಆಟದ ಜಗತ್ತು ಕಂಪ್ಯೂಟರಿನ ನೆನಪಿನೊಳಗೆ ಅಂಕಿಗಳಾಗಿ ಇರುತ್ತದೆ. ಆಟಗಾರ ನಿಂತ ಜಾಗ ಮೂರು ಅಂಕಿ, ಅವನನ್ನು ಮರೆಮಾಡಿದ ಗೋಡೆಯೂ ಅಂಕಿ, ಅವನ ಕೈದೀಪದ ಬೆಳಕೂ ಅಂಕಿ. ಆ ಅಂಕಿಗಳನ್ನು ಬರೆದಿಟ್ಟುಕೊಂಡ ಯಂತ್ರವೇ ಶತ್ರುವನ್ನೂ ನಡೆಸುವುದರಿಂದ, ಇಸ್ಪೀಟಿನಲ್ಲಿ ಎದುರಾಳಿಯ ಎಲೆಗಳನ್ನೆಲ್ಲ ನೋಡುತ್ತಾ ಆಡುವವನ ಸ್ಥಿತಿ ಅದರದು. ಹಾಗಾಗಿ ಯಂತ್ರಕ್ಕೆ ಗೊತ್ತಿದೆಯೇ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ತನಗೆ ಗೊತ್ತಿರುವುದರಲ್ಲಿ ಎಷ್ಟನ್ನು ಶತ್ರುವಿನ ಕಣ್ಣು ಕಿವಿಗಳಿಗೆ ದಾಟಿಸುತ್ತದೆ, ಎಷ್ಟನ್ನು ತಡೆಹಿಡಿಯುತ್ತದೆ ಎಂಬುದೇ ವಿಚಾರಿಸಬೇಕಾದ ಸಂಗತಿ. ಆಟ ರಚಿಸುವವರ ಕಷ್ಟವೆಲ್ಲ ಇಲ್ಲಿದೆ: ಎಲ್ಲ ಬಲ್ಲ ಯಂತ್ರದೊಳಗೆ ಏನೂ ತಿಳಿಯದೆ ತಡಕಾಡುವ ಒಂದು ಜೀವವನ್ನು ಅವರು ಹುಟ್ಟಿಸಬೇಕಾಗುತ್ತದೆ.

ಕೃತಕ ಬುದ್ಧಿಮತ್ತೆ ಎಂಬ ಮಾತು ಇಂದು ಪ್ರಶ್ನೆಗೆ ಉತ್ತರ ಬರೆಯುವ, ಚಿತ್ರ ಬಿಡಿಸುವ ತಂತ್ರಾಂಶಗಳನ್ನು ಕೂಡಲೆ ನೆನಪಿಗೆ ತರುವುದರಿಂದ ಒಂದು ಸ್ಪಷ್ಟನೆ ಬೇಕು. ಆ ತಂತ್ರಾಂಶಗಳು ರಾಶಿ ರಾಶಿ ಮಾಹಿತಿಯಿಂದ ತಾವೇ ಕಲಿಯುತ್ತವೆ. ಗೇಮುಗಳ ಶತ್ರು ಸಾಮಾನ್ಯವಾಗಿ ಹಾಗೆ ಕಲಿತದ್ದಲ್ಲ, ಅದರ ನಡವಳಿಕೆಯನ್ನು ಮನುಷ್ಯರು ಒಂದೊಂದಾಗಿ ಯೋಚಿಸಿ ಬರೆದಿರುತ್ತಾರೆ. ಅತ್ಯಂತ ಸರಳ ವಿಧಾನವನ್ನು ಸ್ಥಿತಿಯಂತ್ರ ಎನ್ನಬಹುದು: ಶತ್ರು ಅಲೆದಾಡುತ್ತಿದೆ, ಅನುಮಾನಗೊಂಡಿದೆ, ಹುಡುಕುತ್ತಿದೆ, ಬೆನ್ನಟ್ಟಿದೆ ಎಂಬ ಕೆಲವು ಸ್ಥಿತಿಗಳು, ಒಂದರಿಂದ ಇನ್ನೊಂದಕ್ಕೆ ಹೊರಳಲು ಕೆಲವು ಕಾರಣಗಳು. ಇದಕ್ಕಿಂತ ಬೆಳೆದದ್ದು ನಡವಳಿಕೆಯ ಮರ; ಕಾಂಡದಿಂದ ಕೊಂಬೆಗೆ ಕೊಂಬೆಯಿಂದ ರೆಂಬೆಗೆ ಇಳಿಯುತ್ತಾ, ಈಗ ಯಾವುದು ಮುಖ್ಯ, ಅದು ಸಾಧ್ಯವಾಗದಿದ್ದರೆ ಮುಂದೇನು ಎಂದು ಕ್ಷಣಕ್ಷಣಕ್ಕೂ ನಿರ್ಧರಿಸುವ ಏರ್ಪಾಡು ಅದು. ಇನ್ನು ಶತ್ರು ಗೋಡೆ ಬಾಗಿಲುಗಳನ್ನು ಬಳಸಿಕೊಂಡು ಒಂದು ಜಾಗಕ್ಕೆ ಹತ್ತಿರದ ದಾರಿ ಹಿಡಿಯುವುದಕ್ಕೆ ಬಹುತೇಕ ಆಟಗಳು ನೆಚ್ಚಿರುವುದು 1968ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಹಾರ್ಟ್, ನಿಲ್ಸನ್ ಮತ್ತು ರಫೇಲ್ ಎಂಬ ಮೂವರು ಪ್ರಕಟಿಸಿದ, ಎ-ಸ್ಟಾರ್ ಎಂದು ಹೆಸರಾದ ಲೆಕ್ಕಾಚಾರವನ್ನು. ಎಂದರೆ ಕತ್ತಲಲ್ಲಿ ಬೆನ್ನಟ್ಟುವ ಪಿಶಾಚಿಯ ತಲೆಯೊಳಗೆ ಇರುವುದು ಒಂದು ನಕ್ಷೆ, ಕೆಲವು ನಿಯಮ, ಮತ್ತು ಆ ನಿಯಮಗಳನ್ನು ಬರೆದವರ ಆಲೋಚನೆ.

ನ್ಯಾಯವೆಂದರೆ ಸಮಬಲವೇ ಎಂಬ ಪ್ರಶ್ನೆಗೆ ವಿಡಿಯೋ ಗೇಮುಗಳಿಗಿಂತ ಬಹಳ ಹಿಂದೆಯೇ ಹಂಪಿಯ ಕಲ್ಲು ಉತ್ತರ ಹೇಳಿದೆ. ಅಲ್ಲಿನ ಮಂಟಪಗಳ ನೆಲಹಾಸಿನ ಮೇಲೆ, ಬಂಡೆಗಳ ಮೇಲೆ ಹಳಬರು ಕೊರೆದಿಟ್ಟ ಆಟದ ಮನೆಗಳು ಇಂದಿಗೂ ಕಾಣುತ್ತವೆ. ಅಂಥ ಗೆರೆಗಳ ಮೇಲೆ ಆಡುವ ಆಡು-ಹುಲಿ ಆಟ ಹೊಸಪೇಟೆ, ಕಂಪ್ಲಿ, ಸಂಡೂರು, ಚೋರನೂರು ಸೀಮೆಯ ಹಿರಿಯರಿಗೆ ವಿವರಿಸಿ ಹೇಳಬೇಕಾದುದೇನಲ್ಲ. ಹರಳುಗಳ ಲೆಕ್ಕ ಊರಿಂದೂರಿಗೆ ಬೇರೆಯಾದರೂ ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಹುಲಿ ಮೂರು, ಆಡು ಹದಿನೈದು. ಹುಲಿ ಆಡಿನ ಮೇಲೆ ಹಾರಿ ಅದನ್ನು ತಿನ್ನಬಲ್ಲದು, ಆಡು ಹುಲಿಯನ್ನು ಏನೂ ಮಾಡಲಾರದು. ಆಡುಗಳೆಲ್ಲ ಸೇರಿ ಹುಲಿಗೆ ಅಲುಗಲು ದಾರಿಯಿಲ್ಲದಂತೆ ಕಟ್ಟಿಹಾಕುವುದಷ್ಟೇ ಅವಕ್ಕಿರುವ ಗೆಲುವು. ಎರಡು ಪಕ್ಷಗಳ ಬಲದಲ್ಲಿ ಇಷ್ಟು ಅಂತರವಿದ್ದರೂ ಈ ಆಟವನ್ನು ಯಾರೂ ಅನ್ಯಾಯದ ಆಟವೆನ್ನಲಿಲ್ಲ, ಏಕೆಂದರೆ ಹುಲಿಯೂ ಗೆರೆಯ ಮೇಲೆಯೇ ನಡೆಯಬೇಕು, ಒಂದೇ ಆಡನ್ನು ಹಾರಬೇಕು, ಆಚೆಯ ಮನೆ ಖಾಲಿಯಿದ್ದರೆ ಮಾತ್ರ ಹಾರಬೇಕು, ಮತ್ತು ಇದೆಲ್ಲ ಆಡಿನ ಪಕ್ಷದಲ್ಲಿ ಕುಳಿತವನ ಕಣ್ಣೆದುರಿಗೇ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಒಂದು ಭಾಗವನ್ನೇ ಕೌತುಕನಿಧಿ ಎಂದು ಹೆಸರಿಟ್ಟು ಆಟಗಳಿಗೆ ಮೀಸಲಿಟ್ಟಷ್ಟು ಗಂಭೀರವಾದ ಆಟದ ಪರಂಪರೆ ಈ ನಾಡಿನದು. ಬಲದ ಅಸಮತೆ ಬೇರೆ, ನಿಯಮದ ಮೋಸ ಬೇರೆ ಎಂಬ ತಿಳಿವಳಿಕೆ ಆ ಪರಂಪರೆಯೊಳಗೆ ಮೊದಲಿನಿಂದಲೂ ಇದೆ. ಭಯದ ಗೇಮಿನ ಶತ್ರುವನ್ನೂ ಇದೇ ಅಳತೆಗೋಲಿನಿಂದ ಅಳೆಯಬೇಕು: ಅದು ಎಷ್ಟು ಬಲಶಾಲಿ ಎಂಬುದಕ್ಕಿಂತ, ಅದು ನಡೆಯುವ ಗೆರೆ ಯಾವುದು, ಆ ಗೆರೆ ಆಟಗಾರನಿಗೆ ಕಾಣುತ್ತದೆಯೇ ಎಂಬುದು ಮುಖ್ಯ.

ವಿಡಿಯೋ ಗೇಮುಗಳ ಇತಿಹಾಸದಲ್ಲಿ ಬೆನ್ನಟ್ಟುವ ಭೂತಗಳಿಗೆ ಹೀಗೆ ಗೆರೆ ಹಾಕಿಕೊಟ್ಟ ಮೊದಲಿಗರಲ್ಲಿ ಒಬ್ಬರು ಜಪಾನಿನ ತೋರು ಇವಾತಾನಿ. ಅವರ ಪ್ಯಾಕ್‌ಮನ್ 1980ರಲ್ಲಿ ಬಂದದ್ದು. ಅದು ಭಯದ ಆಟವೇನಲ್ಲ, ಆದರೆ ನಾಲ್ಕು ಭೂತಗಳು ಬೆನ್ನಟ್ಟುವ ಆಟ ಹೌದು. ಕೆಂಪು ಭೂತ ಆಟಗಾರನಿರುವ ಜಾಗಕ್ಕೇ ಗುರಿಯಿಡುತ್ತದೆ, ಗುಲಾಬಿ ಭೂತ ಅವನಿಗಿಂತ ನಾಲ್ಕು ಮನೆ ಮುಂದಕ್ಕೆ ಗುರಿಯಿಟ್ಟು ಅಡ್ಡಗಟ್ಟಲು ನೋಡುತ್ತದೆ, ನೀಲಿಯದು ಕೆಂಪು ಭೂತ ಎಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಕಿತ್ತಳೆಯದು ಎಂಟು ಮನೆಗಿಂತ ಹತ್ತಿರ ಬಂದರೆ ತಾನೇ ಹಿಂದೆಗೆದು ತನ್ನ ಮೂಲೆ ಸೇರುತ್ತದೆ. ಆಟಗಾರನ ಜಾಗ ನಾಲ್ಕಕ್ಕೂ ಸದಾ ಗೊತ್ತು. ಆ ಮಟ್ಟಿಗೆ ಅದು ಮೋಸವೇ. ಆದರೆ ಮೊದಲ ಹಂತದಲ್ಲಿ ಇಪ್ಪತ್ತು ಸೆಕೆಂಡು ಬೆನ್ನಟ್ಟುವುದಕ್ಕೆ ಮುಂಚೆ ಏಳು ಸೆಕೆಂಡು ಅವು ಬೆನ್ನಟ್ಟುವುದನ್ನು ಬಿಟ್ಟು ಮೂಲೆಗಳತ್ತ ಚದುರುತ್ತವೆ, ಮತ್ತು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೊರಳುವಾಗ ಒಮ್ಮೆಲೇ ಹಿಂದಿರುಗಿ ನಡೆಯುವುದರಿಂದ, ನೋಡುವ ಕಣ್ಣಿದ್ದವನಿಗೆ ಸುಳಿವು ಸಿಗುತ್ತದೆ. ಬಿಡುವಿಲ್ಲದೆ ಅಟ್ಟಿಸಿಕೊಂಡು ಬಂದರೆ ಆಡುವವನು ದಣಿದು ಬಿಟ್ಟುಬಿಡುತ್ತಾನೆಂಬ ಅರಿವು ಅಂದೇ ಇತ್ತು.

ಮರುವರ್ಷ, 1981ರಲ್ಲಿ, ಬ್ರಿಟನ್ನಿನ ಮಾಲ್ಕಮ್ ಇವಾನ್ಸ್ ರಚಿಸಿದ ಮೂರು ಆಯಾಮದ ಚಕ್ರವ್ಯೂಹವೊಂದರಲ್ಲಿ, ತ್ರೀ-ಡಿ ಮಾನ್‌ಸ್ಟರ್ ಮೇಜ್ ಎಂಬ ಆ ಆಟದಲ್ಲಿ, ಒಂದು ಡೈನೋಸಾರ್ ಆಟಗಾರನನ್ನು ಹುಡುಕುತ್ತದೆ. ಅದು ಓಡುತ್ತಿದ್ದ ಜೆಡ್‌ಎಕ್ಸ್81 ಎಂಬ ಪುಟ್ಟ ಕಂಪ್ಯೂಟರಿಗೆ ಸದ್ದು ಮಾಡುವ ಶಕ್ತಿಯೇ ಇರಲಿಲ್ಲ. ಹಾಗಾಗಿ ಪ್ರಾಣಿ ಹೊಂಚುಹಾಕಿದೆ, ಹುಡುಕುತ್ತಿದೆ, ಹೆಜ್ಜೆ ಸಪ್ಪಳ ಹತ್ತಿರವಾಗುತ್ತಿದೆ, ನಿನ್ನನ್ನು ನೋಡಿಬಿಟ್ಟಿದೆ ಎಂದು ಪರದೆಯ ತಳದಲ್ಲಿ ಒಂದೊಂದು ಸಾಲು ಬರಹ ಮೂಡುವಂತೆ ಇವಾನ್ಸ್ ಮಾಡಿದರು. ಕೇಳಿಸಲಾಗದ ಸಪ್ಪಳವನ್ನು ಬರೆದು ತಿಳಿಸಿದ ಈ ಏರ್ಪಾಡು, ಆಟಗಾರನಿಗೆ ಸಲ್ಲಬೇಕಾದ ಸುಳಿವನ್ನು ಸಲ್ಲಿಸಿಯೇ ತೀರಬೇಕೆಂಬ ಪ್ರಾಮಾಣಿಕತೆಯಿಂದ ಬಂದದ್ದು. ಮತ್ತು ಆ ಸಾಲುಗಳು ಭಯವನ್ನು ಕಡಿಮೆ ಮಾಡಲಿಲ್ಲ, ಹೆಚ್ಚಿಸಿದವು ಎಂಬುದು ಗಮನಾರ್ಹ.

ಶತ್ರುವಿಗೆ ಇಂದ್ರಿಯಗಳನ್ನು ಕೊಡುವ ಕೆಲಸ ಶಾಸ್ತ್ರೀಯವಾದದ್ದು 1998ರ ಥೀಫ್ ಎಂಬ ಆಟದ ಕಾಲಕ್ಕೆ. ಅಲ್ಲಿನ ಕಾವಲುಗಾರನ ಮುಖದಿಂದ ಮುಂದಕ್ಕೆ ಕಾಣದ ಶಂಕುಗಳನ್ನು, ಎಂದರೆ ದೂರ ಹೋದಂತೆ ಅಗಲವಾಗುವ ನೋಟದ ಹರಹುಗಳನ್ನು, ಒಂದರೊಳಗೊಂದು ಚಾಚಿರುತ್ತಾರೆ. ಎದುರಿನ ಕಿರಿದಾದ ಹರಹಿನೊಳಗೆ ಬಿದ್ದವನು ಬೇಗ ಕಾಣುತ್ತಾನೆ, ಅಂಚಿನ ಅಗಲವಾದ ಹರಹಿನಲ್ಲಿದ್ದವನು ತಡವಾಗಿ. ಕತ್ತಲಲ್ಲಿ ನಿಂತವನು ಇನ್ನೂ ತಡವಾಗಿ. ಶತ್ರುವಿನ ಕಣ್ಣಿನಿಂದ ಆಟಗಾರನ ಮೈಗೆ ಒಂದು ನೂಲೆಳೆದಂತೆ ಲೆಕ್ಕ ಹಾಕಿ, ನಡುವೆ ಗೋಡೆ ಅಡ್ಡ ಬಂದರೆ ಕಾಣಲಿಲ್ಲವೆಂದು ತೀರ್ಮಾನಿಸುತ್ತಾರೆ. ಸದ್ದಿಗೂ ಹೀಗೆಯೇ ಒಂದು ವ್ಯಾಪ್ತಿ. ಇವುಗಳ ಜೊತೆಗೆ, ಅನುಮಾನ ಬಂದ ಕಾವಲುಗಾರ ಅದನ್ನು ಬಾಯಿಬಿಟ್ಟು ಆಡುತ್ತಾನೆ. ನಿಜ ಜೀವನದಲ್ಲಿ ಕಳ್ಳನನ್ನು ಹುಡುಕುವವನು ಹಾಗೆ ಕೂಗಿ ಹೇಳುವುದಿಲ್ಲ, ಆಟದಲ್ಲಿ ಹೇಳಲೇಬೇಕು, ಇಲ್ಲದಿದ್ದರೆ ಅವನ ತಲೆಯೊಳಗೆ ನಡೆದ ಬದಲಾವಣೆ ಆಟಗಾರನಿಗೆ ತಿಳಿಯುವ ದಾರಿಯೇ ಇಲ್ಲ. 2005ರ ಫಿಯರ್ ಎಂಬ ಭಯದ ಆಟದಲ್ಲಿ ಸೈನಿಕರು ಕೂಡಿ ಸಂಚು ಮಾಡಿ ಸುತ್ತುವರಿಯುತ್ತಾರೆಂದು ಆಡಿದವರೆಲ್ಲ ಬೆರಗಾದರು. ಅದರ ಬುದ್ಧಿಮತ್ತೆಯನ್ನು ರೂಪಿಸಿದ ಜೆಫ್ ಆರ್ಕಿನ್ ಮರುವರ್ಷ ವಿವರಿಸಿದಂತೆ, ಪ್ರತಿಯೊಬ್ಬ ಸೈನಿಕನೂ ತನಗೆ ಹತ್ತಿರದ ಮರೆ ಹುಡುಕಿಕೊಂಡು ಓಡುತ್ತಿದ್ದುದೇ ಹೊರಗಿನಿಂದ ಸಂಚಿನಂತೆ ಕಾಣುತ್ತಿತ್ತು, ಒಬ್ಬರಿಗೊಬ್ಬರು ಕೂಗಿ ಆಡುವ ಮಾತುಗಳು ಆ ಭ್ರಮೆಯನ್ನು ಗಟ್ಟಿಗೊಳಿಸುತ್ತಿದ್ದವು.

ಪ್ರಾಣಿಯ ಇಂದ್ರಿಯಗಳನ್ನು ಅರಿತು ನಡೆಯುವುದು ಸಂಡೂರು, ಹೊಸಪೇಟೆ ಸೀಮೆಯ ಕಾಡಂಚಿನ ಜನಕ್ಕೆ ಆಟದ ಮಾತಲ್ಲ. ಕಮಲಾಪುರದ ಬಳಿ 1994ರಲ್ಲಿ ಘೋಷಿತವಾದ ದರೋಜಿ ಕರಡಿಧಾಮದ ಸುತ್ತಲಿನ ಬಂಡೆಗುಡ್ಡಗಳಲ್ಲಿ ಕರಡಿಗಳಿವೆ. ಕರಡಿಯ ಮೂಗು ಬಲು ಚುರುಕು, ಕಣ್ಣು ಅಷ್ಟು ಚುರುಕಲ್ಲ. ಮನುಷ್ಯ ತೀರ ಹತ್ತಿರ ಬರುವವರೆಗೆ ಅದಕ್ಕೆ ಅರಿವಾಗದೆ, ಅರಿವಾದಾಗ ಬೆಚ್ಚಿ ಮೈಮೇಲೆ ಬೀಳುವುದರಿಂದಲೇ ಹೆಚ್ಚಿನ ಅಪಾಯಗಳು ನಡೆಯುತ್ತವೆ. ಆದುದರಿಂದ ಅಂಥ ಕಡೆ ಹೊತ್ತು ಮುಳುಗಿದ ಮೇಲೆ ಓಡಾಡುವವರು ಮಾತಾಡುತ್ತಾ, ಸದ್ದು ಮಾಡುತ್ತಾ ನಡೆಯುವುದು ಕ್ಷೇಮ. ಮೊಬೈಲಿನಲ್ಲಿ ಹಳ್ಳಿ ಹಳ್ಳಿಯ ಮಕ್ಕಳೂ ಆಡುವ, 2017ರಲ್ಲಿ ಬಂದ ಗ್ರ್ಯಾನಿ ಎಂಬ ಆಟದಲ್ಲಿ ಇದಕ್ಕೆ ತಿರುಗುಮುರುಗಾದ ನಿಯಮವಿದೆ. ಅಲ್ಲಿ ಒಂದು ಮನೆಯೊಳಗೆ ಕೂಡಿಹಾಕಲ್ಪಟ್ಟವನು ಐದು ದಿನದೊಳಗೆ ತಪ್ಪಿಸಿಕೊಳ್ಳಬೇಕು. ಮುದುಕಿಗೆ ಕಿವಿ ಸೂಕ್ಷ್ಮ, ಒಂದು ವಸ್ತು ಕೈತಪ್ಪಿ ನೆಲಕ್ಕೆ ಬಿದ್ದರೆ ಸಾಕು, ಬಿದ್ದ ಜಾಗಕ್ಕೆ ಬರುತ್ತಾಳೆ. ಈ ನಿಯಮವನ್ನು ಆಟ ಮೊದಲೇ ತಿಳಿಸುತ್ತದೆ, ಒಮ್ಮೆಯೂ ತಪ್ಪಿಸುವುದಿಲ್ಲ. ಸ್ವಲ್ಪ ಆಡಿದ ಮಗು ಅದನ್ನೇ ಉಪಾಯವಾಗಿ ತಿರುಗಿಸಿ, ಒಂದು ಕೋಣೆಯಲ್ಲಿ ಬೇಕೆಂದೇ ಸದ್ದು ಮಾಡಿ ಇನ್ನೊಂದರೊಳಗೆ ನುಸುಳುತ್ತದೆ. ಶತ್ರುವಿನ ಶಕ್ತಿಯನ್ನೇ ಅದಕ್ಕೆ ತಿರುಗಿಸಲು ಬರುವಂತಿದ್ದರೆ ಅದು ನ್ಯಾಯವಾದ ಶತ್ರು ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗದು.

ಈ ವಿಚಾರವನ್ನು ಅತ್ಯಂತ ಆಳವಾಗಿ ಯೋಚಿಸಿ ಕಟ್ಟಿದ ಆಟ 2014ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಏಲಿಯನ್: ಐಸೊಲೇಶನ್. ಇಂಗ್ಲೆಂಡಿನ ಕ್ರಿಯೇಟಿವ್ ಅಸೆಂಬ್ಲಿ ಸಂಸ್ಥೆ ರಚಿಸಿದ ಇದರಲ್ಲಿ, 2137ನೆಯ ಇಸವಿಯ ಒಂದು ಬಾಹ್ಯಾಕಾಶ ನೆಲೆಯೊಳಗೆ ಅಮಾಂಡಾ ರಿಪ್ಲಿ ಎಂಬ ಹೆಣ್ಣುಮಗಳು ಒಂದು ಅನ್ಯಲೋಕದ ಪ್ರಾಣಿಯಿಂದ ತಪ್ಪಿಸಿಕೊಂಡು ಬದುಕಬೇಕು. ಪ್ರಾಣಿಯನ್ನು ಕೊಲ್ಲಲಾಗದು. ಅದನ್ನು ನಡೆಸುವ ಬುದ್ಧಿ ಎರಡು ಅಂತಸ್ತಿನದು. ಕೆಳಗಿನದು ಪ್ರಾಣಿಯದೇ ಬುದ್ಧಿ: ನೂರರಷ್ಟು ಗಂಟುಗಳಿರುವ ನಡವಳಿಕೆಯ ಮರ, ನೋಟದ ಹರಹುಗಳು, ಕಿವಿ. ಮೇಲಿನದು ಪರದೆಯ ಹಿಂದೆ ಕುಳಿತು ಆಟ ನಡೆಸುವ ಸೂತ್ರಧಾರ. ಸೂತ್ರಧಾರನಿಗೆ ಆಟಗಾರನೂ ಗೊತ್ತು, ಪ್ರಾಣಿಯೂ ಗೊತ್ತು. ಆದರೆ ಅವನು ಪ್ರಾಣಿಗೆ ಇಂಥ ಕಪಾಟಿನಲ್ಲಿದ್ದಾಳೆ ಎಂದು ಹೇಳಿಕೊಡುವುದಿಲ್ಲ, ಆ ಕಡೆಯ ಕೋಣೆಗಳಲ್ಲಿ ಹುಡುಕು ಎಂದು ದಿಕ್ಕು ತೋರಿಸಿ ಸುಮ್ಮನಾಗುತ್ತಾನೆ. ಅಲ್ಲಿಂದ ಮುಂದಕ್ಕೆ ಪ್ರಾಣಿ ತನ್ನ ಕಣ್ಣು ಕಿವಿಗಳನ್ನೇ ನಂಬಿ ಹುಡುಕಬೇಕು.

ಸೂತ್ರಧಾರನ ಕೈಯಲ್ಲಿ ಇನ್ನೊಂದು ಅಳತೆಯಿದೆ. ಅದನ್ನು ಬೆದರಿಕೆಯ ಮಾಪಕ ಎನ್ನಬಹುದು. ಪ್ರಾಣಿ ಆಟಗಾರನ ಸಮೀಪದಲ್ಲಿದ್ದಷ್ಟು ಹೊತ್ತು, ಕಣ್ಣಿಗೆ ಕಾಣುತ್ತಿದ್ದಷ್ಟು ಹೊತ್ತು, ಚಲನೆಯನ್ನು ಪತ್ತೆಹಚ್ಚುವ ಅಮಾಂಡಾಳ ಕೈಯುಪಕರಣದಲ್ಲಿ ಚುಕ್ಕೆಯಾಗಿ ಮಿನುಗುತ್ತಿದ್ದಷ್ಟು ಹೊತ್ತು ಮಾಪಕ ಏರುತ್ತಾ ಹೋಗಿ, ತುಂಬಿದಾಗ ಸೂತ್ರಧಾರ ಪ್ರಾಣಿಯನ್ನು ಮೇಲ್ಚಾವಣಿಯ ಗಾಳಿಕೊಳವೆಗಳೊಳಕ್ಕೆ ಹಿಂದೆಗೆಸುತ್ತಾನೆ. ಆಟಗಾರನಿಗೆ ಉಸಿರಾಡಲು ಹೊತ್ತು ಸಿಗುತ್ತದೆ. ತಾನು ಜಾಣತನದಿಂದ ಪಾರಾದೆನೆಂದು ಅವನು ತಿಳಿದ ಎಷ್ಟೋ ಸಂದರ್ಭಗಳಲ್ಲಿ ನಿಜಕ್ಕೂ ನಡೆದದ್ದು, ಸಾಕು ಎಂದು ಪ್ರಾಣಿಯನ್ನು ಹಿಂದಕ್ಕೆ ಕರೆದದ್ದು. ಇದನ್ನು ಮೋಸವೆಂದರೆ ಮೋಸ. ಆದರೆ ಬೇಟೆಗಾರನ ಕೈ ಹಿಡಿದು ನಿಲ್ಲಿಸಿದ ಮೋಸ. ಇದಕ್ಕೆ ಪ್ರತಿಯಾಗಿ, ಗಾಳಿಕೊಳವೆಯ ಬಾಯಿಯಲ್ಲಿ ಪ್ರಾಣಿ ಹೊಂಚಿ ಕುಳಿತಿರುವಾಗ ಅದರ ಜೊಲ್ಲು ಕೆಳಕ್ಕೆ ತೊಟ್ಟಿಕ್ಕುತ್ತದೆ. ತಲೆಯೆತ್ತಿ ನೋಡದೆ ಅದರಡಿ ನಡೆದವನು ಸಾಯುತ್ತಾನೆ, ಸತ್ತ ಮೇಲೆ ನೆಲದ ಮೇಲಿನ ಜೊಲ್ಲು ನೆನಪಾಗುತ್ತದೆ. ಅವನ ಸಿಟ್ಟು ಆಗ ಯಂತ್ರದ ಮೇಲೆ ತಿರುಗುವುದಿಲ್ಲ. ಸುಳಿವು ಕೊಟ್ಟು ಕೊಂದದ್ದಕ್ಕೂ ಕೊಡದೆ ಕೊಂದದ್ದಕ್ಕೂ ಇರುವ ಅಂತರವೆಲ್ಲ ಆ ಒಂದು ತೊಟ್ಟಿನಲ್ಲಿದೆ.

ಪ್ರಾಣಿ ಕಲಿಯುತ್ತದೆ ಎಂಬುದು ಈ ಆಟದ ಬಗ್ಗೆ ಹಬ್ಬಿದ ಮಾತು. ಬೆಂಕಿ ಉಗುಳುವ ಆಯುಧವನ್ನು ತೋರಿಸಿದಾಗ ಆರಂಭದಲ್ಲಿ ಓಡಿಹೋಗುತ್ತಿದ್ದ ಪ್ರಾಣಿ, ಬರಬರುತ್ತಾ ಅದಕ್ಕೆ ಅಂಜುವುದನ್ನು ಕಡಿಮೆ ಮಾಡುತ್ತದೆ. ಆದರೆ ಒಳಗೆ ನಡೆಯುವುದು ಕಲಿಕೆಯಲ್ಲ. ಮೊದಲೇ ಬರೆದು ಬೀಗ ಹಾಕಿಟ್ಟ ಕೊಂಬೆಗಳು ಆಟ ಮುಂದುವರಿದಂತೆ ಒಂದೊಂದಾಗಿ ತೆರೆದುಕೊಳ್ಳುತ್ತವೆ. ಕಲಿತಂತೆ ತೋರುವುದಕ್ಕೂ ಕಲಿಯುವುದಕ್ಕೂ ಇರುವ ಈ ವ್ಯತ್ಯಾಸ ಆಟಗಾರನಿಗೆ ಕಾಣದಂತೆ ಉಳಿದದ್ದು ರಚನೆಕಾರರ ಕೌಶಲ.

ಸೂತ್ರಧಾರನ ಕಲ್ಪನೆಗೆ ಹೆಸರು ತಂದುಕೊಟ್ಟದ್ದು 2008ರಲ್ಲಿ ವಾಲ್ವ್ ಸಂಸ್ಥೆ ಹೊರತಂದ ಲೆಫ್ಟ್ 4 ಡೆಡ್. ನಾಲ್ವರು ಕೂಡಿ ಶವಪಿಶಾಚಿಗಳ ನಡುವೆ ದಾರಿ ಮಾಡಿಕೊಳ್ಳುವ ಈ ಆಟದಲ್ಲಿ, ಮೈಕೆಲ್ ಬೂತ್ ವಿವರಿಸಿದಂತೆ, ಪ್ರತಿಯೊಬ್ಬ ಆಟಗಾರನ ಮನಸ್ಸಿನ ಬಿಗುವನ್ನು ಯಂತ್ರ ಅಂದಾಜು ಮಾಡುತ್ತದೆ: ಪೆಟ್ಟು ಬಿದ್ದರೆ ಬಿಗು ಏರಿತು, ಪಿಶಾಚಿ ತೀರ ಹತ್ತಿರ ಬಂದು ಸತ್ತರೆ ಏರಿತು, ಶಾಂತವಾಗಿದ್ದರೆ ಇಳಿಯಿತು. ಬಿಗು ಶಿಖರ ಮುಟ್ಟಿದ ಮೇಲೆ ಅರ್ಧ ನಿಮಿಷಕ್ಕೂ ಮಿಕ್ಕಿ ಹೊಸ ದಾಳಿಯಿರುವುದಿಲ್ಲ. ಬಯಲಾಟದ ಭಾಗವತ ರಕ್ಕಸನ ಪ್ರವೇಶದ ಅಬ್ಬರ ಮುಗಿದ ಮೇಲೆ ಪದವನ್ನು ನಿಧಾನಕ್ಕಿಳಿಸಿ ಸಭೆಗೆ ಬಿಡುವು ಕೊಡುವಂತೆ, ಇಲ್ಲಿ ಯಂತ್ರ ಏರಿಳಿತಗಳನ್ನು ಕಟ್ಟುತ್ತದೆ.

ಇಂಥ ಗುಟ್ಟಿನ ಉಪಕಾರಗಳು ಎಣಿಸಿದಷ್ಟೂ ಇವೆ. 2005ರ ರೆಸಿಡೆಂಟ್ ಈವಿಲ್ 4 ಆಟಗಾರ ಮೇಲಿಂದ ಮೇಲೆ ಸಾಯುತ್ತಿದ್ದರೆ ಅವನಿಗೆ ತಿಳಿಸದೆ ಶತ್ರುಗಳ ಉಗ್ರತೆಯನ್ನು ಇಳಿಸುತ್ತದೆ. 2007ರ ಬಯೋಶಾಕ್‌ನಲ್ಲಿ ಆಟಗಾರನ ಪ್ರಾಣದ ಕೊನೆಯ ತೊಟ್ಟನ್ನು ಕಿತ್ತುಕೊಳ್ಳಬೇಕಾದ ಪೆಟ್ಟು ಬಿದ್ದಾಗ ಒಂದೆರಡು ಸೆಕೆಂಡು ಅವನಿಗೆ ಏನೂ ತಗಲದಂತೆ ರಕ್ಷಣೆಯಿರುತ್ತಿತ್ತೆಂದು ಅದರ ರಚನೆಕಾರರಲ್ಲೊಬ್ಬರು ಹತ್ತು ವರ್ಷದ ಬಳಿಕ ಹೇಳಿದರು. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2010ರಲ್ಲಿ ಹೊರತಂದ ಅಮ್ನೀಸಿಯಾದಲ್ಲಿ ಒಂದು ಜಾಗದಲ್ಲಿ ಸತ್ತು ಮರಳಿ ಬಂದವನಿಗೆ ಆ ಜಾಗದ ಪಿಶಾಚಿ ಬೇರೆಡೆಗೆ ಸರಿದಿರಬಹುದು, ಇಲ್ಲವೇ ಮಾಯವಾಗಿರಬಹುದು; ಒಂದೇ ಪಿಶಾಚಿಯನ್ನು ಹತ್ತು ಸಲ ನೋಡಿದವನಿಗೆ ಅದು ಅಡ್ಡಿಯಾಗಿ ಕಾಣುತ್ತದೆಯೇ ಹೊರತು ಭಯವಾಗಿ ಅಲ್ಲ ಎಂಬುದು ಅದರ ಹಿಂದಿನ ತರ್ಕ. ಇವೆಲ್ಲವೂ ಯಂತ್ರ ಆಟಗಾರನ ಪರವಾಗಿ ಆಡುವ ಕಳ್ಳಾಟಗಳು. ಅವನ್ನು ಖಂಡಿಸಲು ಕಾರಣ ಕಾಣದು, ಏಕೆಂದರೆ ಭಯದ ಆಟವನ್ನು ಆಡುವವನು ಗೆಲುವಿನ ಲೆಕ್ಕಕ್ಕಿಂತ ಮೊದಲು ಕೂದಲೆಳೆಯಲ್ಲಿ ಪಾರಾದ ಅನುಭವವನ್ನು ಬಯಸಿ ಬಂದವನು. ಆ ಕೂದಲೆಳೆಯನ್ನು ಅವನ ಕಣ್ಣು ತಪ್ಪಿಸಿ ಯಾರೋ ಹಿಡಿದಿದ್ದರೆ ಅನುಭವ ಸುಳ್ಳಾಗುವುದಿಲ್ಲ.

ಹಾಗಾದರೆ ನಿಜವಾದ ಅನ್ಯಾಯ ಎಲ್ಲಿದೆ? ಆಟ ತಾನೇ ಕಲಿಸಿದ ನಿಯಮವನ್ನು ತಾನೇ ಮುರಿದಾಗ. 2019ರಲ್ಲಿ ಹೊಸದಾಗಿ ರಚಿತವಾದ ರೆಸಿಡೆಂಟ್ ಈವಿಲ್ 2ರಲ್ಲಿ ಪೊಲೀಸ್ ಠಾಣೆಯೊಳಗೆ ಆಟಗಾರನನ್ನು ಅರಸುತ್ತಾ ಅಲೆಯುವ ದೈತ್ಯನೊಬ್ಬನಿದ್ದಾನೆ. ಅವನ ಬೂಟಿನ ಸದ್ದು ಗೋಡೆಗಳಾಚೆಯಿಂದ ಕೇಳುತ್ತಿರುತ್ತದೆ, ಎಲ್ಲಿದ್ದಾನೆಂದು ಕಿವಿಯಿಂದಲೇ ಅಳೆಯಬಹುದು. ಆ ಮಟ್ಟಿಗೆ ಇದು ಬಹಳ ನ್ಯಾಯವಾದ ರಚನೆ. ಆಟವನ್ನು ದಾಖಲಿಸಿಡುವ ಟೈಪ್‌ರೈಟರ್ ಇರುವ ಕೋಣೆಗಳಿಗೆ ಅವನು ಬರುವುದಿಲ್ಲವೆಂಬ ನಂಬಿಕೆ ಆಟಗಾರನಲ್ಲಿ ಬೆಳೆಯುತ್ತದೆ. ಆದರೆ ಠಾಣೆಯ ನಡುವಣ ದೊಡ್ಡ ಹಜಾರದಲ್ಲೂ ಟೈಪ್‌ರೈಟರ್ ಇದೆ, ಅಲ್ಲಿಗೆ ಅವನು ಬಂದೇ ಬಿಡುತ್ತಾನೆ. ಇದು ಆಟದ ಅತ್ಯಂತ ಮರೆಯಲಾಗದ ಭಯದ ಕ್ಷಣವೂ ಹೌದು, ಅದರ ಅತ್ಯಂತ ವಿವಾದಾಸ್ಪದ ಕ್ಷಣವೂ ಹೌದು. ಹಜಾರ ಸುರಕ್ಷಿತವೆಂದು ಆಟ ಎಂದೂ ಮಾತು ಕೊಟ್ಟಿರಲಿಲ್ಲವೆಂದು ವಾದಿಸಬಹುದಾದರೂ, ಗುರುತನ್ನು ಇಟ್ಟ ಮೇಲೆ ಅದರ ಅರ್ಥಕ್ಕೂ ಬದ್ಧವಾಗಿರುವುದು ರಚಿಸಿದವರ ಹೊಣೆ. ಮನೆಯೊಂದಕ್ಕೆ ಹುಲಿ ಬಾರದೆಂದು ತಿಳಿದು ಆಡನ್ನು ಇಟ್ಟವನಿಗೆ, ಇದೊಂದು ಮನೆಗೆ ಆ ಮಾತು ಹೊಂದುವುದಿಲ್ಲವೆಂದು ಆಮೇಲೆ ಹೇಳಿದಂತಾಯಿತು ಅದು.

ಅನ್ಯಾಯವೆಂಬ ಭಾವನೆ ಮಾತ್ರ ಯಾವಾಗಲೂ ಅನ್ಯಾಯದಿಂದಲೇ ಹುಟ್ಟುವುದಿಲ್ಲ. ಸಿವಿಲೈಸೇಶನ್ ಆಟಗಳ ಕರ್ತೃ ಸಿಡ್ ಮೈಯರ್ 2010ರ ಒಂದು ಭಾಷಣದಲ್ಲಿ ವಿವರಿಸಿದ ಪ್ರಕಾರ, ಮೂರಕ್ಕೆ ಒಂದರ ಅನುಕೂಲವಿದ್ದೂ ಸೋತ ಆಟಗಾರರು ಯಂತ್ರ ಮೋಸ ಮಾಡಿತೆನ್ನುತ್ತಿದ್ದರು, ಅದೇ ಅನನುಕೂಲದಲ್ಲಿ ಗೆದ್ದಾಗ ತಮ್ಮ ಜಾಣತನವೆಂದುಕೊಳ್ಳುತ್ತಿದ್ದರು. ನಾಲ್ಕು ಸಲದಲ್ಲಿ ಒಂದು ಸಲ ಸೋಲು ಬರಲೇಬೇಕೆಂಬ ಗಣಿತ ಅವರ ಮನಸ್ಸಿಗೆ ಹಿಡಿಸುತ್ತಿರಲಿಲ್ಲ. 2014ರ ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್‌ನಲ್ಲಿ ರಾತ್ರಿ ಕಾವಲುಗಾರನ ಮೇಲೆ ಎರಗುವ ಗೊಂಬೆಗಳು ಎಷ್ಟೇ ಸಂಚುಗಾರರಂತೆ ಕಂಡರೂ, ಅವುಗಳ ಬಹುಪಾಲು ಚಲನೆ ಪಗಡೆಯ ದಾಳದಂತೆ: ಕೆಲವು ಸೆಕೆಂಡಿಗೊಮ್ಮೆ ಯಂತ್ರ ಒಂದರಿಂದ ಇಪ್ಪತ್ತರೊಳಗೆ ಒಂದು ಅಂಕಿ ಎತ್ತುತ್ತದೆ, ಅದು ಗೊಂಬೆಗೆ ಆ ರಾತ್ರಿ ನಿಗದಿಯಾದ ಅಂಕಿಯನ್ನು ಮೀರದಿದ್ದರೆ ಗೊಂಬೆ ಒಂದು ಹೆಜ್ಜೆ ಮುಂದೆ ಬರುತ್ತದೆ. ಆ ದಾಳಕ್ಕೆ ಹಗೆಯಿಲ್ಲ. ಹಗೆಯನ್ನು ಆರೋಪಿಸುವುದು ಕತ್ತಲಲ್ಲಿ ಕುಳಿತ ಮನುಷ್ಯನ ಮನಸ್ಸು.

ಆಟದ ಒಳಗೆ ಇಲ್ಲದ, ಆಡುವ ಜಾಗದಿಂದ ಬರುವ ಅನ್ಯಾಯವೊಂದಿದೆ, ಮತ್ತು ಅದರ ಬಗ್ಗೆ ಯೋಚಿಸುವವರು ಕಡಿಮೆ. ಶತ್ರು ಎಲ್ಲಿದೆ ಎಂಬುದನ್ನು ಇಂದಿನ ಆಟಗಳು ಬಹುಪಾಲು ಸದ್ದಿನ ಮೂಲಕ ತಿಳಿಸುತ್ತವೆ: ಎಡಗಿವಿಯಲ್ಲಿ ಹೆಜ್ಜೆ, ಬಲಗಿವಿಯಲ್ಲಿ ಬಾಗಿಲು. ಒಂದೇ ಪುಟ್ಟ ಸ್ಪೀಕರ್ ಇರುವ ಅಗ್ಗದ ಮೊಬೈಲಿನಲ್ಲಿ, ಇಯರ್‌ಫೋನ್ ಇಲ್ಲದೆ, ಮನೆಯವರ ಗದರಿಕೆಗಂಜಿ ಸದ್ದು ತಗ್ಗಿಸಿ ಆಡುವ ಚೋರನೂರಿನಂಥ ಊರಿನ ಹುಡುಗನಿಗೆ ಆ ಸುಳಿವು ತಲುಪುವುದೇ ಇಲ್ಲ. ರಚನೆಕಾರರು ಪ್ರಾಮಾಣಿಕವಾಗಿ ಕೊಟ್ಟದ್ದು ದಾರಿಯಲ್ಲಿ ಕಳೆದುಹೋಗುತ್ತದೆ. ನಿಯಮಗಳನ್ನು ವಿವರಿಸುವ ಬರಹ ಕನ್ನಡದಲ್ಲಿ ಇರುವುದು ತೀರ ಅಪರೂಪವಾದುದರಿಂದ, ಇಂಗ್ಲಿಷ್ ತೊಡಕೆನಿಸುವ ಮಗುವಿಗೆ ಹೇಳಿದ ನಿಯಮವೂ ಹೇಳದ ನಿಯಮದಂತೆಯೇ. ಸದ್ದಿಲ್ಲದ ಜೆಡ್‌ಎಕ್ಸ್81ರಲ್ಲಿ ಇವಾನ್ಸ್ ಮಾಡಿದಂತೆ, ಕೇಳಿಸದವರಿಗೆ ಕಣ್ಣಿಗೆ ಕಾಣುವ ಸುಳಿವು ಕೊಡುವ ಏರ್ಪಾಡು ಪ್ರತಿಯೊಂದು ಆಟದಲ್ಲೂ ಇರಬೇಕು, ಅದು ಕನ್ನಡದಲ್ಲೂ ಇರಬೇಕು.

ಇದಕ್ಕೆ ಬೇಕಾದ ಕೈಗಳು ಕರ್ನಾಟಕದಲ್ಲಿಲ್ಲವೆಂದಲ್ಲ. ಭಾರತದ ಮೊದಲ ಗೇಮ್ ಸಂಸ್ಥೆಗಳಲ್ಲೊಂದಾದ ಧ್ರುವ ಇಂಟರ್ಯಾಕ್ಟಿವ್ 1997ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. ಹೊರದೇಶಗಳ ಅನೇಕ ಆಟಗಳಿಗೆ ಚಿತ್ರಕೆಲಸ ಮಾಡಿಕೊಟ್ಟ ಅದು 2019ರಲ್ಲಿ ರಾಕ್‌ಸ್ಟಾರ್ ಸಂಸ್ಥೆಯ ಪಾಲಾಯಿತು. ಇಲ್ಲಿನ ಚಿತ್ರಕಾರರು ಪರದೇಶದ ಆಟಗಳಿಗೆ ಗೋಡೆ, ಗಿಡ, ವಾಹನಗಳನ್ನು ಬಿಡಿಸಿದರು. ಇಲ್ಲಿನದೇ ಭೂತವೊಂದು ಇಲ್ಲಿನದೇ ನಿಯಮಕ್ಕೆ ಕಟ್ಟುಬಿದ್ದು ನಡೆಯುವ ಆಟವೊಂದು ಮನೆಮಾತಾಗುವುದು ಇನ್ನೂ ಬಾಕಿಯಿದೆ.

ಅಂಥ ನಿಯಮಬದ್ಧ ಭೂತ ಕನ್ನಡಿಗರ ನೆನಪಿನಲ್ಲಿ ಇದ್ದೇ ಇದೆ. 1990ರ ದಶಕದಲ್ಲಿ ಬೆಂಗಳೂರಿನಲ್ಲೂ ಕರ್ನಾಟಕದ ಹಲವು ಹಳ್ಳಿಗಳಲ್ಲೂ ಹಬ್ಬಿದ ಸುದ್ದಿಯ ಪ್ರಕಾರ, ರಾತ್ರಿ ಹೊತ್ತು ಒಂದು ಹೆಣ್ಣುಭೂತ ಬಾಗಿಲು ಬಡಿದು ಮನೆಯವರದೇ ಪರಿಚಿತ ದನಿಯಲ್ಲಿ ಕರೆಯುತ್ತದೆ, ತೆರೆದವರು ಉಳಿಯುವುದಿಲ್ಲ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದರೆ ಓದಿ ಹಿಂದಿರುಗುತ್ತದೆ, ಮರುರಾತ್ರಿ ಬಂದು ಮತ್ತೆ ಓದುತ್ತದೆ, ಮತ್ತೆ ಹಿಂದಿರುಗುತ್ತದೆ. ಆಟದ ರಚನೆಯ ದೃಷ್ಟಿಯಿಂದ ನೋಡಿದರೆ ಇದು ಪರಿಪೂರ್ಣವಾದ ಶತ್ರು. ಅದರ ಬಲ ದೊಡ್ಡದು, ಅದಕ್ಕೆ ದನಿ ಬದಲಿಸುವ ಕಪಟವೂ ಗೊತ್ತು, ಹಾಗಿದ್ದೂ ಬರೆದ ಎರಡು ಮಾತನ್ನು ಅದು ಮೀರುವುದಿಲ್ಲ, ಆ ಗುಟ್ಟು ಮನೆಯವರೆಲ್ಲರಿಗೂ ತಿಳಿದಿದೆ.

ಶತ್ರು ಹೀಗೆ ಬರೆದ ನಿಯಮಕ್ಕೆ ಕಟ್ಟುಬೀಳುವ ಸ್ಥಿತಿಯೇ ಈಗ ಬದಲಾಗುತ್ತಿದೆ. ಬರೆದ ನಿಯಮಗಳನ್ನು ಬಿಟ್ಟು ತಾನೇ ಕಲಿಯುವ ಎದುರಾಳಿಯನ್ನು ರೂಪಿಸುವುದು ಸಾಧ್ಯವಾಗಿದೆ. 2019ರಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಸ್ಟಾರ್ ಎಂಬ ತಂತ್ರಾಂಶ ಸ್ಟಾರ್‌ಕ್ರಾಫ್ಟ್ 2 ಎಂಬ ಯುದ್ಧದ ಆಟದಲ್ಲಿ ನುರಿತ ಆಟಗಾರರನ್ನು ಸೋಲಿಸಿದಾಗ, ಅದು ಮನುಷ್ಯರಂತೆ ಪರದೆಯ ಒಂದು ಭಾಗವನ್ನು ಮಾತ್ರ ನೋಡದೆ ಇಡೀ ನಕ್ಷೆಯನ್ನು ಒಮ್ಮೆಗೇ ಗ್ರಹಿಸುತ್ತಿತ್ತೆಂಬ ಆಕ್ಷೇಪ ಬಂದು, ಮುಂದಿನ ಆವೃತ್ತಿಯ ನೋಟಕ್ಕೂ ಕೈವೇಗಕ್ಕೂ ಮಿತಿ ಹಾಕಬೇಕಾಯಿತು. ಭಯದ ಆಟಗಳಲ್ಲಿ ಅಂಥ ಎದುರಾಳಿಗೆ ಮಿತಿ ಹಾಕುವುದು ಇನ್ನೂ ಕಷ್ಟ, ಏಕೆಂದರೆ ಅದು ಯಾವ ಗೆರೆಯ ಮೇಲೆ ನಡೆಯುತ್ತಿದೆ ಎಂಬುದು ಅದನ್ನು ರಚಿಸಿದವರಿಗೂ ಸರಿಯಾಗಿ ಹೇಳಲು ಬಾರದು. ಬಾಗಿಲ ಮುಂದಿನ ಭೂತ ಹಾಗೆ ಕಲಿಯುವ ಭೂತವಾಗಿದ್ದರೆ, ನಿನ್ನೆಯೂ ಇದೇ ಬರಹವಿತ್ತೆಂಬುದು ಎರಡನೆಯ ರಾತ್ರಿಯೇ ಅದಕ್ಕೆ ನೆನಪಾಗುತ್ತಿತ್ತು, ಮತ್ತು ಒಳಗೆ ಮಲಗಿದವರ ಕೈಯಲ್ಲಿ ಸುಣ್ಣದ ಕಡ್ಡಿಯೊಂದನ್ನು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.